‘ಪಾಸಿಟಿವ್ ಆಗಿರು’ ಅನ್ನುವ ಮುನ್ನ

ಧಾರವಾಡದ ಸಪ್ತಾಪುರದಲ್ಲಿ ಬೆಳಿಗ್ಗೆ ಏಳಕ್ಕೆ ಚಹಾದಂಗಡಿ ಮುಂದೆ ನಿಂತು ನೋಡಿ. ಬೆನ್ನಿಗೆ ಬ್ಯಾಗ್ ಏರಿಸಿ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಓದುವ ಕೊಠಡಿಗಳತ್ತ ಹೊರಟ ಹುಡುಗ ಹುಡುಗಿಯರೇ ಕಾಣುತ್ತಾರೆ. ಅವರಲ್ಲಿ ನಾನೂ ಒಬ್ಬ. ಡಿಗ್ರಿ ಮುಗಿಸಿ ನಾಲ್ಕನೇ ವರ್ಷ. ಈ ಅವಧಿಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ‘ಪಾಸಿಟಿವ್ ಆಗಿರು’. ಹೇಳುವವರ ಕಾಳಜಿ ಸುಳ್ಳಲ್ಲ. ಆದರೆ ಆ ಮಾತಿನೊಳಗೆ ಇನ್ನೊಂದು ಮಾತು ಅಡಗಿರುತ್ತದೆ: ಕೆಲಸ ಸಿಗದಿರುವುದಕ್ಕೆ ನಿನ್ನ ಮನಸ್ಸೇ ಕಾರಣ ಎಂದು.

ಅಂಕಿ ಅಂಶ ಬೇರೆಯದನ್ನೇ ಹೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇ 3.4 ಮಾತ್ರ. ಓದಿದವರು ಸೋಮಾರಿಗಳು ಅಂತಲ್ಲ. ಓದದವರು ಮನೆಯಲ್ಲಿ ಕೂರುವಂತಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾರೆ. ಓದಿದವರು ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಾರೆ, ಅಂಥ ಕೆಲಸಗಳೋ ಬೇಕಾದಷ್ಟಿಲ್ಲ.

ನಮ್ಮ ರಾಜ್ಯದ ಪಿಎಸ್‌ಐ ನೇಮಕಾತಿಯನ್ನೇ ನೋಡಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಬರೆದವರು ಐವತ್ತು ಸಾವಿರಕ್ಕೂ ಹೆಚ್ಚು. ಅಂದರೆ ಎಲ್ಲವೂ ಪ್ರಾಮಾಣಿಕವಾಗಿ ನಡೆದಿದ್ದರೂ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೊರಗುಳಿಯಲೇಬೇಕಿತ್ತು. ಇದು ಬುದ್ಧಿಯ ಲೆಕ್ಕವಲ್ಲ, ಬರೀ ಭಾಗಾಕಾರ. ಆದರೆ ಪ್ರಾಮಾಣಿಕವಾಗಿಯೂ ನಡೆಯಲಿಲ್ಲ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಈ ಎರಡೂಕಾಲು ವರ್ಷ ನಿಷ್ಠೆಯಿಂದ ಓದಿದವನೊಬ್ಬ ಊರಿನ ಜಾತ್ರೆಯಲ್ಲಿ ‘ಇನ್ನೂ ಆಗಲಿಲ್ವಾ?’ ಎಂಬ ಪ್ರಶ್ನೆಗೆ ಏನು ಉತ್ತರಿಸಬೇಕಿತ್ತು?

ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯೂ ಹಾಗೆಯೇ. 2024ರ ಆಗಸ್ಟ್‌ನಲ್ಲಿ ನಡೆದದ್ದು ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು, ಆಗಲೂ ಅದೇ ದೂರು ಕೇಳಿಬಂತು. ಕನ್ನಡ ಮಾಧ್ಯಮದಲ್ಲಿ ಓದಿದವರು ಪ್ರಶ್ನೆ ಅರ್ಥವಾಗದೆ ಅಂಕ ಕಳೆದುಕೊಂಡರೆ ಅದನ್ನು ಯಾವ ಆತ್ಮವಿಶ್ವಾಸ ತುಂಬಿಕೊಡುತ್ತದೆ? ಅದೇ ಅಕ್ಟೋಬರ್‌ನಲ್ಲಿ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ದಶಕಗಳ ನ್ಯಾಯವಾದ ಬೇಡಿಕೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆಯೋಗದ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಎಲ್ಲ ಜಾತಿಯ ಅಭ್ಯರ್ಥಿಗಳಿಗೂ ವಯಸ್ಸಾಯಿತು.

ಆ ವರ್ಷವೇ ಧಾರವಾಡದ ಬೀದಿಗಳಲ್ಲಿ ಸಾವಿರಾರು ಅಭ್ಯರ್ಥಿಗಳು ಖಾಲಿ ಹುದ್ದೆ ತುಂಬಿ ಎಂದು ಪ್ರತಿಭಟಿಸಿದರು. ಹೇಳಿದರೆ ವಿಚಿತ್ರ ಅನಿಸಬಹುದು, ಆ ಜನರನ್ನು ನೋಡಿ ಹಗುರವಾದಷ್ಟು ನನ್ನ ಮನಸ್ಸು ಯಾವ ಮೋಟಿವೇಷನ್ ವಿಡಿಯೊದಿಂದಲೂ ಹಗುರವಾಗಿರಲಿಲ್ಲ. ಇಷ್ಟೊಂದು ಮಂದಿ ಒಟ್ಟಿಗೇ ದಡ್ಡರಾಗಿರಲು ಸಾಧ್ಯವಿಲ್ಲವಲ್ಲ!

ಅಂದಿನಿಂದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಡುವೆ ಗೆರೆ ಎಳೆದಿದ್ದೇನೆ. ಎಡಕ್ಕೆ ನನ್ನ ತಪ್ಪುಗಳು, ಬಲಕ್ಕೆ ನನ್ನದಲ್ಲದ ತಡಗಳು. ಹಿಂದಿನ ಪರೀಕ್ಷೆಯಲ್ಲಿ ಮೆಂಟಲ್ ಎಬಿಲಿಟಿಗೆ ಸಮಯ ಸಾಲದೆ ಹನ್ನೊಂದು ಪ್ರಶ್ನೆ ಬಿಟ್ಟೆ. ಅದು ಎಡಕ್ಕೆ, ಅದಕ್ಕೆ ದಿನಕ್ಕೊಂದು ಗಂಟೆ ಕೊಡುತ್ತಿದ್ದೇನೆ. ಅಧಿಸೂಚನೆ ಬಾರದ ತಿಂಗಳುಗಳು ಬಲಕ್ಕೆ. ಹುಬ್ಬಳ್ಳಿಯ ಖಾಸಗಿ ಸಂಸ್ಥೆಯೊಂದು ಎರಡು ಸುತ್ತು ಸಂದರ್ಶನ ಮಾಡಿ, ‘ಸೋಮವಾರ ತಿಳಿಸುತ್ತೇವೆ’ ಎಂದು ಹೇಳಿ ಸುಮ್ಮನಾಯಿತು. ಎಷ್ಟು ಸೋಮವಾರಗಳು ಹೋದವೋ. ಅದನ್ನು ಮೊದಲು ಎಡಕ್ಕೆ ಬರೆದಿದ್ದೆ, ಆಮೇಲೆ ಹೊಡೆದು ಬಲಕ್ಕೆ ಬರೆದೆ. ನಿಜ ಹೇಳಬೇಕೆಂದರೆ ಎಡಭಾಗ ಖಾಲಿಯೇನಿಲ್ಲ. ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿ ಮಲಗುವ ಆಸೆ ನನಗೂ ಆಗುತ್ತದೆ. ಗೆರೆ ಅದಕ್ಕೂ ಅಡ್ಡ ನಿಲ್ಲುತ್ತದೆ.

ದುಡ್ಡಿನ ಮಾತು ಬಿಟ್ಟು ಮನಸ್ಸಿನ ಮಾತಾಡಲಾಗದು. ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಕೊಡುತ್ತದೆ, ಅದೂ ಗರಿಷ್ಠ ಎರಡು ವರ್ಷ. ಅದಕ್ಕಾಗಿ ‘ನಾನಿನ್ನೂ ನಿರುದ್ಯೋಗಿ’ ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ಇಲ್ಲಿನ ರೂಮು, ಊಟ, ಲೈಬ್ರರಿ ಶುಲ್ಕಕ್ಕೆ ಅಷ್ಟು ಸಾಲದು. ಹಾಗಾಗಿ ನಾನು ಸಂಜೆ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹಿಡಿದೆ. ಓದು ಹಾಳಾಗುತ್ತದೆ ಎಂದು ಗೆಳೆಯರು ಹೆದರಿಸಿದ್ದರು. ಎರಡು ಗಂಟೆ ಹೋಯಿತು ನಿಜ, ಆದರೆ ಮನೆಗೆ ಫೋನ್ ಮಾಡುವಾಗ ಗಂಟಲು ಕಟ್ಟುವುದು ನಿಂತಿತು.

ಗೆರೆ ಎಳೆಯುವ ಶಕ್ತಿಯೂ ಉಳಿಯದ ದಿನಗಳಿರುತ್ತವೆ. ನಮ್ಮ ರೂಮಿನ ಒಬ್ಬ ನಿದ್ದೆ ಬಿಟ್ಟು, ಊಟ ಬಿಟ್ಟು ಗೋಡೆ ನೋಡುತ್ತಾ ಕೂತಾಗ ನಾವು ಬುದ್ಧಿ ಹೇಳುತ್ತಲೇ ಒಂದು ವಾರ ಕಳೆದೆವು. ಕೊನೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿದೆವು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ವಾರವನ್ನು ನಾವು ಕಳೆಯಬಾರದಿತ್ತು.

ಕಳೆದ ಸಲ ಊರಿಗೆ ಹೋದಾಗ ಆ ಹಾಳೆಯನ್ನು ಅಪ್ಪನಿಗೆ ತೋರಿಸಿದೆ. ಎರಡೂ ಕಡೆ ಓದಿ ಹೇಳಿದೆ. 2027ರ ಯುಗಾದಿವರೆಗೆ ನೋಡುತ್ತೇನೆ, ಆಮೇಲೆ ಬಿ.ಎಡ್ ಸೇರುತ್ತೇನೆ ಎಂದೂ ಹೇಳಿದೆ. ಅವರು ಬಲಗಡೆಯ ಸಾಲುಗಳ ಮೇಲೆ ಬೆರಳಿಟ್ಟು, ‘ಇದನ್ಯಾಕ ಮೊದಲ ಹೇಳಲಿಲ್ಲೋ ತಮ್ಮಾ, ನೀ ಸರಿ ಓದವಲ್ಲಿ ಅನ್ಕೊಂಡಿದ್ದೆ’ ಅಂದರು. ಈಗ ಫೋನಿನಲ್ಲಿ ‘ಯಾಕ ಆಗಲಿಲ್ಲ?’ ಎಂದು ಕೇಳುವುದಿಲ್ಲ. ‘ಯಾವಾಗ ಕರೀತಾರಂತ?’ ಎಂದು ಕೇಳುತ್ತಾರೆ. ನನಗೂ ಗೊತ್ತಿಲ್ಲ ಅನ್ನುತ್ತೇನೆ.