ಬೂಟು ಯಜಮಾನರಿಗೆ, ಕೆಸರು ನಮಗೆ?

ಚಂಡಮಾರುತ ಅಂದ ಕೂಡಲೇ 'ಅದು ಕರಾವಳಿಯವರ ಪಾಡು, ನಮಗೇನು?' ಎಂದು ಸುಮ್ಮನಾಗುವವರೇ ಹೆಚ್ಚು. ಶಿಕಾರಿಪುರ, ಸೊರಬದವರಿಗೆ ಗಾಳಿಯ ಭಯ ಕಡಿಮೆ, ನಿಜ. ಆದರೆ ನೀರು? ಸಾಗರದ ಕಡೆ ನಾಲ್ಕು ದಿನ ಬಿಡದೆ ಸುರಿದರೆ ಸಾಕು, ವರದಾ ನದಿ ಸೊರಬದ ಗದ್ದೆಗಳಿಗೆ ನುಗ್ಗುತ್ತದೆ. ದಂಡಾವತಿಯೂ ಜೊತೆಗೂಡುತ್ತದೆ. ಇತ್ತ ಕುಮುದ್ವತಿ ತುಂಬಿ ಶಿಕಾರಿಪುರದ ಅಂಜನಾಪುರ ಜಲಾಶಯ ಕೋಡಿ ಬಿದ್ದರೆ ನೋಡಲು ಜನವೋ ಜನ! 2019ರ ಆಗಸ್ಟ್ ಮಳೆಯನ್ನಂತೂ ಮರೆಯುವಂತಿಲ್ಲ.

ನೀರು ಏರುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಇಳಿದ ಮೇಲೆ? ಗಂಡಸರು ಗದ್ದೆ, ತೋಟ ನೋಡಲು ಹೊರಡುತ್ತಾರೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬರಿಗಾಲಲ್ಲಿ ಅಡುಗೆಮನೆ, ಕೊಟ್ಟಿಗೆಯ ಕೆಸರು ಬಳಿಯುವವರು ಯಾರು? ನಾವೇ ತಾನೆ! ಮನೆಯಲ್ಲಿ ಒಂದೇ ಜೊತೆ ಗಮ್‌ಬೂಟು ಇದ್ದರೆ ಅದು ಯಜಮಾನರದ್ದು. ಇದು ಸರಿಯಲ್ಲ ಎಂಬುದೇ ನನ್ನ ವಾದ.

ಆ ಕೆಸರಿನಲ್ಲಿ ಇಲಿಯ ಮೂತ್ರ ಬೆರೆತಿರಬಹುದು. ಕಾಲಿನ ಒಡಕು, ಗಾಯದ ಮೂಲಕ ರೋಗಾಣು ಒಳಸೇರಿದರೆ ಇಲಿಜ್ವರ ಬರುತ್ತದೆ. ಒಂದೆರಡು ವಾರ ಬಿಟ್ಟು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ 'ಮಳೆಯಲ್ಲಿ ನೆನೆದದ್ದಕ್ಕೆ' ಎಂದು ಕಷಾಯ ಕುಡಿದು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ. ತಡಮಾಡಿದರೆ ಕಿಡ್ನಿ, ಲಿವರ್‌ಗೂ ಪೆಟ್ಟು ಬಿದ್ದೀತು.

ಹಾಗಾದರೆ ಏನು ಮಾಡೋದು? ಮಳೆಗಾಲಕ್ಕೆ ಮುಂಚೆಯೇ ನಿಮ್ಮ ಕಾಲಿನ ಅಳತೆಗೆ ಒಂದು ಜೊತೆ ಬೂಟು, ಕೈಗವಸು ತಂದಿಡಿ. ರೇಷನ್ ಕಾರ್ಡ್, ಆಧಾರ್, ಪಹಣಿ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಟಾರ್ಚ್, ಬೆಂಕಿಪೊಟ್ಟಣ, ದಿನದ ಮಾತ್ರೆಗಳೂ ಜೊತೆಗಿರಲಿ. ನೀರು ಅಂಗಳಕ್ಕೆ ಬರುವ ಸೂಚನೆ ಕಂಡರೆ ಮೇನ್ ಸ್ವಿಚ್ ಆರಿಸಿ, ದನಕರುಗಳ ಹಗ್ಗ ಬಿಚ್ಚಿ. ತುರ್ತಿಗೆ 112 ಇದೆ.

ನೀರಿಳಿದ ಮೇಲೆ ಒದ್ದೆ ಗೋಡೆಯ ಸ್ವಿಚ್ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ನೋಡಲಿ. ಸೌದೆ ರಾಶಿ, ಮಡಚಿಟ್ಟ ಕಂಬಳಿಗಳಿಗೆ ಕೈಹಾಕುವ ಮೊದಲು ಕೋಲಿನಿಂದ ಅಲುಗಿಸಿ, ಹಾವು ಸೇರಿಕೊಂಡಿದ್ದೀತು. ತೊಳೆಯುವ ಮೊದಲು ಹಾನಿಯ ಫೋಟೋ ತೆಗೆದಿಡಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ. ಬಾವಿಗೆ ಹೊಳೆನೀರು ನುಗ್ಗಿದ್ದರೆ, ನೀರು ತಿಳಿಯಾಗಿ ಕಂಡರೂ ನಂಬಬೇಡಿ. ಬ್ಲೀಚಿಂಗ್ ಪೌಡರ್ ಹಾಕಿಸಲು ಪಂಚಾಯಿತಿಗೆ ಹೇಳಿ, ಆಶಾ ಕಾರ್ಯಕರ್ತೆಯ ಸಲಹೆ ಕೇಳಿ. ಅಲ್ಲಿಯವರೆಗೆ ಸುರಕ್ಷಿತ ಮೂಲದ ನೀರು ತಂದು, ಅದನ್ನೂ ಕುದಿಸಿಯೇ ಕುಡಿಯಿರಿ. ಮಕ್ಕಳಿಗೆ ಭೇದಿಯಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲವೇ? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರಾಯ್ತು.

ಇನ್ನೊಂದು ಮಾತು. ಕೆಸರು ಬಳಿಯೋದು ಹೆಂಗಸರ ಕೆಲಸ ಅಂತ ಎಲ್ಲೂ ಬರೆದಿಲ್ಲ. ಗದ್ದೆ ನೋಡಿ ಬಂದ ಗಂಡ, ಮಕ್ಕಳ ಕೈಗೂ ಒಂದೊಂದು ಪೊರಕೆ ಕೊಡಿ. ಮನೆ ಎಲ್ಲರದೂ ತಾನೆ?