ಕಿವಿ ಗುಂಯ್ ಎಂದ ಮೇಲೆ ಎಷ್ಟು ದಿನ ಕಾಯಬಹುದು?

ಇಲ್ಲಿ ಕುಂಭ, ಮೀನ ತಿಂಗಳು ಬಂತೆಂದರೆ ಉತ್ಸವಗಳ ಸುಗ್ಗಿ. ಎರಡು ವರ್ಷದ ಹಿಂದೆ ಆಫೀಸಿನ ಗೆಳೆಯರು ಅಂಥದೊಂದು ಉತ್ಸವಕ್ಕೆ ಎಳೆದುಕೊಂಡು ಹೋದರು. ವೆಡಿಕ್ಕೆಟ್ಟು, ಅಂದರೆ ಸುಡುಮದ್ದಿನ ಪ್ರದರ್ಶನ, ಎದೆ ನಡುಗುವಷ್ಟು ಹತ್ತಿರದಿಂದ ನೋಡಬೇಕೆಂಬ ಹುಚ್ಚು ನನ್ನದೇ. ಮರುದಿನ ಎಡಪ್ಪಳ್ಳಿ ಮೆಟ್ರೊ ಸ್ಟೇಷನ್ನಿನಲ್ಲಿ ನಿಂತಾಗ ಘೋಷಣೆ ಎಡಗಿವಿಗೆ ಹತ್ತಿ ತುರುಕಿದಂತೆ ಕೇಳಿಸಿತು. ಒಳಗೊಂದು ಜೀರುಂಡೆ ಬಿಡದೆ ಕೂಗುತ್ತಿತ್ತು.

ಮೈಸೂರಿನಿಂದ ಬರುವ ಬಸ್ಸು ತಾಮರಶ್ಶೇರಿ ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಂಡು ಆಮೇಲೆ ತಾನಾಗಿ ಬಿಡುತ್ತದಲ್ಲ, ಇದೂ ಹಾಗೆಯೇ ಅಂದುಕೊಂಡೆ. ನಾಲ್ಕು ದಿನ ಕಳೆದ ಮೇಲೆ ಮೆಡಿಕಲ್ ಅಂಗಡಿಗೆ ಹೋಗಿ ನನಗೆ ಬರುವ ಮಲಯಾಳದಲ್ಲಿ ‘ಚೆವಿ ಅಡಞ್ಞು’ ಎಂದೆ. ಕಿವಿ ಕಟ್ಟಿದೆ ಎಂದರೆ ಯಾರಾದರೂ ಏನು ಕೊಡುತ್ತಾರೆ? ಗುಗ್ಗೆ ಕರಗಿಸುವ ಹನಿ ಕೊಟ್ಟರು. ಗುಂಯ್‌ಗುಡುತ್ತಿದೆ, ಪಟಾಕಿ ಸದ್ದಿನ ಮರುದಿನದಿಂದ ಹೀಗಾಗಿದೆ ಎಂದು ಹೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ. ಇಎನ್‌ಟಿ ವೈದ್ಯರ ಮುಂದೆ ಕೂತಾಗ ಹತ್ತೊಂಬತ್ತನೆಯ ದಿನ.

ಆಡಿಯೋಗ್ರಾಂ ಗೆರೆ 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದಂತೆ ಇಳಿದಿತ್ತು. ಸದ್ದಿನ ಪೆಟ್ಟಿನ ಗುರುತು ಅದು. ಸ್ಟೀರಾಯ್ಡ್ ಬರೆದುಕೊಟ್ಟ ವೈದ್ಯರು, ‘ಆಕ್ಸಿಜನ್ ಛೇಂಬರ್ ಕೂಡ ನೋಡಬಹುದು. ಭರವಸೆ ಮಾತ್ರ ಕೊಡಲಾರೆ’ ಎಂದರು.

ಈ ಚಿಕಿತ್ಸೆಯ ಹಿಂದಿನ ಲೆಕ್ಕ ಸರಳ. ಒಳಗಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಸುಮಾರು 15,000 ಮಾತ್ರ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಭಾರಿ ಸದ್ದಿನ ಹೊಡೆತಕ್ಕೆ ಅಲ್ಲಿ ರಕ್ತದ ಹರಿವು ಕುಗ್ಗಿ ಆಮ್ಲಜನಕ ಕಡಿಮೆಯಾಗುತ್ತದೆ. ವಾತಾವರಣದ ಎರಡು, ಎರಡೂವರೆ ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಅದು ರಕ್ತದ ದ್ರವದಲ್ಲೇ ಕರಗಿ ಅಲ್ಲಿಗೆ ತಲುಪುತ್ತದೆ. ಸಾಯದೆ ಒದ್ದಾಡುತ್ತಿರುವ ಕೋಶಗಳು ಉಳಿಯಬಹುದು ಎಂಬುದು ಆಸೆ. ಆಳದಿಂದ ಬೇಗ ಮೇಲೆದ್ದ ಮುಳುಗುಗಾರರಿಗೆ ನೌಕಾಪಡೆಗಳು ಬಹುಕಾಲದಿಂದ ಬಳಸುತ್ತಿರುವ ವಿಧಾನವೇ ಇದು.

ಪುರಾವೆ ಮಾತ್ರ ಆಸೆಯಷ್ಟು ದೊಡ್ಡದಲ್ಲ. ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಹಠಾತ್ ಕಿವುಡಿಗೆ ಸ್ಟೀರಾಯ್ಡ್ ಜೊತೆ ಈ ಚಿಕಿತ್ಸೆಯನ್ನು ಎರಡು ವಾರದೊಳಗೆ ಆರಂಭಿಸಬಹುದು, ಕೊನೆಯ ಯತ್ನವಾಗಿ ತಿಂಗಳೊಳಗೆ ಎನ್ನುತ್ತದೆ. ಅದೂ ಮುಖ್ಯವಾಗಿ ಕಾರಣ ತಿಳಿಯದ ಕಿವುಡಿನ ಮಾತು. ಸದ್ದಿನ ಪೆಟ್ಟಿಗೆ ಸೇನಾ ವೈದ್ಯರು ಪ್ರಯೋಗಿಸಿ ನೋಡಿದ್ದಾರೆ. ಅಧ್ಯಯನಗಳು ಸಣ್ಣವು, ಫಲ ಒಂದೇ ತೆರನಾಗಿಲ್ಲ. ಅನೇಕರಿಗೆ ತಾನಾಗಿಯೇ ಸುಧಾರಿಸುವುದರಿಂದ ಯಶಸ್ಸಿನ ಪಾಲು ಯಾರಿಗೆಂದು ಹೇಳುವುದು ಕಷ್ಟ.

ನಾನು ಹತ್ತು ಸಲ ಕೂತೆ. ಮೊದಲ ದಿನ ಒತ್ತಡ ಏರುವಾಗ ಕಿವಿ ನೋಯಿತು, ಅದೇ ತಾಮರಶ್ಶೇರಿ! ಕೇಳುವಿಕೆ ಒಂದಿಷ್ಟು ಮರಳಿತು. ಔಷಧಿಯಿಂದಲೋ, ಆಮ್ಲಜನಕದಿಂದಲೋ, ಕಾಲದಿಂದಲೋ ವೈದ್ಯರೂ ಹೇಳಲಾರರು. ಜೀರುಂಡೆ ರಾತ್ರಿ ಹೊತ್ತು ಈಗಲೂ ಇದೆ.

ಇದನ್ನು ಕೇಳಿದ ತಮ್ಮ ಗಂಗಾವತಿಯಿಂದ ಫೋನ್ ಮಾಡಿದ: ‘ಅಣ್ಣಾ, ಅಪ್ಪನಿಗೂ ಮಾಡಿಸೋಣ.’ ಅಪ್ಪ ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದವರು. ಈಗ ಬಡಿಸುವಾಗ ‘ಸಾಕು’ ಎಂದರೆ ‘ಹಾಕು’ ಎಂದು ಕೇಳಿ ಇನ್ನೊಂದು ಸೌಟು ಹಾಕುತ್ತಾರೆ. ನಾವು ನಗುತ್ತೇವೆ, ಅವರು ಪೆಚ್ಚಾಗುತ್ತಾರೆ. ತಮ್ಮ ವಿಚಾರಿಸಿದ ಒಂದು ಕೇಂದ್ರದವರು ವಯಸ್ಸು ಕೇಳಿ, ಆಡಿಯೋಗ್ರಾಂ ಕೇಳದೆ, ಫೋನಿನಲ್ಲೇ ನಲವತ್ತು ಸಲದ ಪ್ಯಾಕೇಜ್ ಹೇಳಿದರಂತೆ. ಸತ್ತ ಕೋಶಕ್ಕೆ ಎಷ್ಟು ಆಮ್ಲಜನಕ ಕೊಟ್ಟರೇನು? ಹಳೆಯ ಕಿವುಡಿಗೆ ಇದರಿಂದ ಉಪಯೋಗವೆಂಬುದಕ್ಕೆ ಪುರಾವೆಯಿಲ್ಲ. ಹೀಗೆ ಮಾರುವುದನ್ನು ನಮ್ಮ ಆರೋಗ್ಯ ಇಲಾಖೆಗಳು ತಡೆಯಬೇಕು. ಕಿವುಡು ಶುರುವಾಗಿ ಎಷ್ಟು ದಿನವಾಯಿತೆಂದು ಚೀಟಿಯಲ್ಲಿ ಬರೆಯದೆ ಯಾರನ್ನೂ ಛೇಂಬರಿಗೆ ಕೂರಿಸಬಾರದು ಎಂಬ ಒಂದು ನಿಯಮವಾದರೂ ಬರಲಿ.

ಸದ್ದಿಗೆ ನಿಯಮಗಳಿವೆ. ಪಟಾಕಿ ಸಿಡಿದಲ್ಲಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವಂತಿಲ್ಲ. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದನ್ನು ಎಂಟು ತಾಸು ತಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 100ಕ್ಕೆ ಹದಿನೈದೇ ನಿಮಿಷ. ಗಿರಣಿಯಲ್ಲಿ ಅಪ್ಪನ ಕಿವಿಗೆ ಹತ್ತಿಯ ಉಂಡೆಯನ್ನೂ ಯಾರೂ ಕೊಟ್ಟಿರಲಿಲ್ಲ.

ಹೊರನಾಡಿನಲ್ಲಿರುವ ನೀವು ಈ ಒಂದು ವಾಕ್ಯವನ್ನು ಆ ಊರಿನ ಭಾಷೆಯಲ್ಲಿ ಬರೆಸಿಟ್ಟುಕೊಳ್ಳಿ: ‘ದೊಡ್ಡ ಸದ್ದಾದ ಮೇಲೆ ಕಿವಿ ಕೇಳುತ್ತಿಲ್ಲ, ಇವತ್ತೇ ಪರೀಕ್ಷೆ ಮಾಡಿ.’ ಅಪ್ಪನನ್ನು ಮುಂದಿನ ತಿಂಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುತ್ತಿದ್ದೇನೆ, ಶ್ರವಣ ಸಾಧನಕ್ಕೆ ಅಳತೆ ಕೊಡಲು. ಅವರಿನ್ನೂ ಒಪ್ಪಿಲ್ಲ. ‘ನನಗೆ ಕೇಳಿಸ್ತದೆ, ನೀವೇ ಮೆಲ್ಲಗೆ ಮಾತಾಡ್ತೀರಿ’ ಎನ್ನುತ್ತಿದ್ದಾರೆ.