ಎರಡು ಬಾಗಿಲಿನ ಕಾರು, ಹದಿನೇಳರ ಹುಡುಗ

ರೈಲಿನ ಮೊದಲ ದರ್ಜೆಯಲ್ಲಿ ಓಡಾಡಿದವರಿಗೆ ‘ಕೂಪೆ’ ಎಂಬ ಶಬ್ದ ಹೊಸದಲ್ಲ. ಇಬ್ಬರಿಗೆ ಮಾತ್ರ ಮಲಗಲು ಜಾಗವಿರುವ, ಬಾಗಿಲು ಹಾಕಿಕೊಳ್ಳಬಹುದಾದ ಪುಟ್ಟ ಕೋಣೆ ಅದು. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ‘ಕತ್ತರಿಸಿದ್ದು’ ಎಂದರ್ಥ. ಎದುರುಬದುರು ಕೂರುವ ದೊಡ್ಡ ಸಾರೋಟಿನಲ್ಲಿ ಒಂದು ಕಡೆಯ ಆಸನವನ್ನು ಕತ್ತರಿಸಿ ತೆಗೆದು ಇಬ್ಬರಿಗಷ್ಟೇ ಉಳಿಸಿದಾಗ ಆ ಗಾಡಿಗೆ ಬಂದ ಹೆಸರು ಮುಂದೆ ರೈಲಿಗೂ ಬಂತು, ಕಾರಿಗೂ ಬಂತು. ಕಾರಿನಲ್ಲಿ ಕೂಪೆ ಎಂದರೆ ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾಗಿ ಹೋಗುವ ಚಾವಣಿ, ಹೆಸರಿಗೊಂದು ಹಿಂದಿನ ಆಸನ. ಕಡಿಮೆ ಜನಕ್ಕೆ ಹೆಚ್ಚು ದುಡ್ಡು. ಅದರ ಗತ್ತೇ ಅದು!

ಅಂಥದೊಂದು ಕಾರು ಬಾಣಸವಾಡಿಗೆ ಬಂತು ಎಂದಿಟ್ಟುಕೊಳ್ಳಿ. ಮಾಲೀಕರು ಕಮ್ಮನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ಮೇಲೆ ಬಂದವರು. ಕಾರು ಕಲಿತದ್ದು ಮಾರುತಿ 800ರಲ್ಲಿ. ಐವತ್ತು ದಾಟಿದ ಮೇಲೆ ಹಳೆಯ ಆಸೆಯೊಂದನ್ನು ತೀರಿಸಿಕೊಳ್ಳಲು ಹೊರಟಿದ್ದಾರೆ. ಆರಿಸಿದ್ದು ಮರ್ಸಿಡಿಸ್-ಎಎಂಜಿ ಸಿಎಲ್ಇ 53 ಕೂಪೆ. ಜರ್ಮನಿಯ ಬ್ರೆಮೆನ್ ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಈ ಕಾರು ಭಾರತದ ಮಾರುಕಟ್ಟೆಗೆ ಬಿಡುಗಡೆಯಾದದ್ದು 2025ರ ಆಗಸ್ಟ್‌ನಲ್ಲಿ. ಆಗಿನ ಷೋರೂಮ್ ಬೆಲೆ 1 ಕೋಟಿ 35 ಲಕ್ಷ ರೂಪಾಯಿ. ಮನೆಯಲ್ಲಿ ಎರಡನೇ ಪಿಯುಸಿ ಓದುವ ಮಗನಿದ್ದಾನೆ, ವಯಸ್ಸು ಹದಿನೇಳು. ಕಾರಿನ ಮೇಲೆ ಅಪ್ಪನಿಗಿಂತ ಅವನಿಗೇ ಹೆಚ್ಚು ಕಣ್ಣು.

ಮೊದಲ ದಿನ ಆಂಜನೇಯನ ಗುಡಿಯ ಮುಂದೆ ಪೂಜೆ. ಕುಂಕುಮ, ಹೂವಿನ ಹಾರ, ಬೂದುಗುಂಬಳ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಅಜ್ಜಿ ಕಾರನ್ನು ಒಂದು ಸುತ್ತು ಹಾಕಿ, “ಬಾಗಿಲು ಎರಡೇ ಏನೋ? ಹಿಂದೆ ಕೂತೋರು ಇಳಿಯೋದು ಹೆಂಗೆ?” ಎಂದು ಕೇಳಿದರು. ಮುಂದಿನ ಸೀಟನ್ನು ಬಗ್ಗಿಸಿ ತೋರಿಸಿದ್ದಾಯಿತು. “ನಾನು ಬರಲ್ಲಪ್ಪ, ನೀವೇ ಹೋಗಿ ಬನ್ನಿ” ಎಂದುಬಿಟ್ಟರು. ಸುತ್ತ ನೆರೆದವರು ಕೇಳಿದ್ದು ಒಂದೇ ಪ್ರಶ್ನೆ: “ಮೈಲೇಜ್ ಎಷ್ಟು ಕೊಡುತ್ತೆ ಸಾರ್?” ಒಂದು ಕೋಟಿಯ ಕಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಹೊಸ ಕಾರಿನ ಮೊದಲ ಅನುಭವ ಹೇಗಿರುತ್ತದೆ? ಕೂರುವುದಕ್ಕಿಂತ ಒಳಗೆ ಇಳಿದಂತೆ ಆಗುತ್ತದೆ. ಸೀಟು ಅಷ್ಟು ಕೆಳಗಿದೆ. ಬಾಗಿಲು ಎರಡೇ ಆದ್ದರಿಂದ ಒಂದೊಂದೂ ಉದ್ದ. ಒತ್ತೊತ್ತಾಗಿ ಕಾರು ನಿಲ್ಲಿಸುವ ಕಡೆ ಅರ್ಧ ಬಾಗಿಲು ತೆರೆದು, ಹೊಟ್ಟೆ ಒಳಗೆಳೆದುಕೊಂಡು ಹೊರಬರಬೇಕು. ಗಾಜು ಏರಿಸಿದರೆ ಕಮ್ಮನಹಳ್ಳಿ ಮುಖ್ಯರಸ್ತೆಯ ಗದ್ದಲವೆಲ್ಲ ಬೇರೆ ಯಾರದೋ ಊರಿನದು ಅನ್ನಿಸುತ್ತದೆ. ಮೂರು ಲೀಟರಿನ, ಆರು ಸಿಲಿಂಡರಿನ ಎಂಜಿನ್ ಮೆಲ್ಲನೆ ಗುರುಗುಟ್ಟುತ್ತದೆ. ಶಕ್ತಿ 449 ಅಶ್ವಶಕ್ತಿ. ಮಾರುತಿ 800ರಲ್ಲಿ ಇದ್ದದ್ದು ಸುಮಾರು 37. ಎಂದರೆ ಹನ್ನೆರಡು ಮಾರುತಿಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆ!

ಅಷ್ಟೆಲ್ಲ ಇಟ್ಟುಕೊಂಡು ಹೋಗುವುದೆಲ್ಲಿಗೆ? ಬಾಣಸವಾಡಿಯ ಒಳರಸ್ತೆಗಳಲ್ಲಿ ನೂರು ಹೆಜ್ಜೆಗೊಂದು ಉಬ್ಬು. ಉಬ್ಬು ಎಷ್ಟಿರಬೇಕು ಎಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಆದರೆ ನಮ್ಮ ಬೀದಿಗಳಲ್ಲಿ ಎಷ್ಟೋ ಕಡೆ ರಾತ್ರೋರಾತ್ರಿ ಸಿಮೆಂಟು ಸುರಿದು ಕಟ್ಟಿದ ಕಟ್ಟೆಗಳಿವೆ. ತಗ್ಗಿನ ಕಾರು ಅಲ್ಲಿಗೆ ಬಂದಾಗ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನ ಆಟೊದವರು ಅಷ್ಟು ಹೊತ್ತು ತಾಳುವವರಲ್ಲ. ವರ್ತುಲ ರಸ್ತೆಗೆ ಬಂದರೆ ಮೆಟ್ರೊ ಕಾಮಗಾರಿಯ ತಡೆಗೋಡೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕಿತ್ತು. ಗಂಟೆಗೆ ಹದಿನೆಂಟು ಕಿಲೋಮೀಟರೂ ಇಲ್ಲ. ಸೈಕಲ್ ಚೆನ್ನಾಗಿ ತುಳಿಯುವ ಹುಡುಗ ಇದಕ್ಕೆ ಸಮನಾಗಿ ಹೋಗಬಲ್ಲ.

ತೆರಿಗೆಯ ಮಾತನ್ನೂ ಮುಗಿಸಿಬಿಡಬಹುದು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ನೂರಕ್ಕೆ 18, ಅದರ ಮೇಲೆ ಸೆಸ್ ಬೇರೆ. ಈ ಕಾರಿಗೆ ತೆರಿಗೆಯೇ 24 ಲಕ್ಷದ ಮೇಲಾಗುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಹೊರ ರಾಜ್ಯದ ನಂಬರು ಹಾಕಿಸಿಕೊಂಡು ಬೆಂಗಳೂರಿನಲ್ಲಿ ಓಡಿಸುವವರು ಇದ್ದಾರೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಇಂಥ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಫೆರಾರಿಯೊಂದರ ಒಡೆಯರು ದಂಡವೂ ಸೇರಿ 1 ಕೋಟಿ 41 ಲಕ್ಷಕ್ಕೂ ಹೆಚ್ಚು ಕಟ್ಟಬೇಕಾಯಿತು. ಬಾಣಸವಾಡಿಯ ಯಜಮಾನರು ಅಂಥ ಜಾಣತನಕ್ಕೆ ಹೋಗದೆ ಕೆಎ 03 ನಂಬರನ್ನೇ ಪಡೆದರು. ಒಳ್ಳೆಯದಾಯಿತು.

ಮೂರನೆಯ ದಿನ ಭಾನುವಾರ. ಬೆಳಗಿನ ಐದೂವರೆಗೆ ಅಪ್ಪ ಮಗ ವಿಮಾನ ನಿಲ್ದಾಣದ ರಸ್ತೆಗೆ ಹೋದರು. ಖಾಲಿ ರಸ್ತೆ ಕಂಡಾಗ ಅಪ್ಪ ಒಂದೇ ಒಂದು ಸಲ ಪೆಡಲ್ ಅದುಮಿದರು. ಬೆನ್ನು ಸೀಟಿಗೆ ಅಂಟಿತು, ಮಗ “ಅಪ್ಪಾ!” ಎಂದು ಕೂಗಿದ. ಅಷ್ಟರಲ್ಲಿ ಅಪ್ಪ ಕಾಲು ತೆಗೆದಾಗಿತ್ತು. ಮನೆಗೆ ಬಂದು ಕಾರು ನಿಲ್ಲಿಸಿದ ಮೇಲೆ ಹುಡುಗ ಕೇಳಿದ: “ನಂಗೂ ಒಂದು ರೌಂಡ್ ಕೊಡಿ ಅಪ್ಪ. ಲೇಔಟ್ ಒಳಗಡೆ ಅಷ್ಟೇ. ಗೇರು ಕೂಡ ತಾನೇ ಬೀಳುತ್ತಲ್ಲ.”

ಪ್ರಶ್ನೆ ಇರುವುದು ಇಲ್ಲಿಯೇ. ಗೇರು ತಾನೇ ಬೀಳುತ್ತದೆ ನಿಜ. ಹಳೆಯ ಕಾರುಗಳಲ್ಲಿ ಕ್ಲಚ್ಚು, ಗೇರು, ಆಕ್ಸಿಲರೇಟರ್ ಮೂರನ್ನೂ ಹೊಂದಿಸಲು ಕಲಿಯುವಾಗ ಕಾರು ಹತ್ತು ಸಲ ಎಗರಿ ನಿಂತುಹೋಗುತ್ತಿತ್ತು. ಆ ಅವಮಾನವೇ ಒಂದು ಕಾವಲಾಗಿತ್ತು. ಈಗಿನ ಕಾರಿಗೆ ಬಲಗಾಲು ಒಂದಿದ್ದರೆ ಸಾಕು, ಯಾರು ಕೂತರೂ ಹೊರಡುತ್ತದೆ. ಹೊರಡುವುದು ಇಷ್ಟು ಸುಲಭವಾದಾಗ ನಿಲ್ಲಿಸುವುದೂ ಅಷ್ಟೇ ಸುಲಭ ಅನ್ನಿಸಿಬಿಡುತ್ತದೆ.

ಅದು ಸುಳ್ಳೆಂದು ತಿಳಿಯಲು ಮೊದಲ ಪಿಯುಸಿಯ ಭೌತಶಾಸ್ತ್ರ ಸಾಕು. ಕಂಪನಿಯ ಪ್ರಕಾರ ಈ ಕೂಪೆ ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 4.2 ಸೆಕೆಂಡು ಸಾಕು. 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ವೇಗ ಒಂದೇ ಸಮನೆ ಏರಿತೆಂದುಕೊಂಡರೆ ಅಷ್ಟು ಹೊತ್ತಿಗೆ ಕಾರು ಸಾಗಿದ ದೂರ ಸುಮಾರು 60 ಮೀಟರ್. ಇನ್ನು ನಿಲ್ಲಿಸುವ ಲೆಕ್ಕ. ಎದುರಿಗೆ ನಾಯಿಯೋ ಮಗುವೋ ಅಡ್ಡ ಬಂತು. ಕಣ್ಣು ಕಂಡು, ಮಿದುಳು ತಿಳಿದು, ಕಾಲು ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡು ಆಗಿರುತ್ತದೆ. ಕಾರು 28 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ 8 ಮೀಟರಿನಷ್ಟು ವೇಗ ಇಳಿಸುತ್ತದೆಂದು ಹಿಡಿದರೂ ಮತ್ತೆ 48 ಮೀಟರ್ ಬೇಕು. ಒಟ್ಟು 76 ಮೀಟರ್. ಬಿಎಂಟಿಸಿಯ 12 ಮೀಟರಿನ ಆರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೂ ಸಾಲದು! ಎಂದರೆ ವೇಗ ಹಿಡಿಯಲು ಬೇಕಾದ ಜಾಗಕ್ಕಿಂತ ನಿಲ್ಲಿಸಲು ಬೇಕಾದ ಜಾಗವೇ ಹೆಚ್ಚು.

ವೇಗ ಅರ್ಧಕ್ಕೆ, ಅಂದರೆ 50 ಕಿಲೋಮೀಟರಿಗೆ ಇಳಿದರೆ? ಬ್ರೇಕಿನ ದೂರ ಅರ್ಧವಲ್ಲ, ಕಾಲುಭಾಗವಾಗುತ್ತದೆ: 12 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವ ಸೂತ್ರದ ಅರ್ಥ ಇದೇ. ಇನ್ನೂ ನೇರವಾಗಿ ಹೇಳುವುದಾದರೆ, 50ರ ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು ಹತ್ತು ಮೀಟರ್ ಎತ್ತರದ ಮೂರು ಅಂತಸ್ತಿನ ಮನೆಯ ತಾರಸಿಯಿಂದ ಬೀಳುವುದೂ ಒಂದೇ. 100ರಲ್ಲಿ ಗುದ್ದಿದರೆ ಹನ್ನೆರಡು ಅಂತಸ್ತು.

ಕಾರಿನಲ್ಲಿ ಎಲೆಕ್ಟ್ರಾನಿಕ್ ರಕ್ಷಣೆ ಇಲ್ಲವೇ ಎಂದು ಹುಡುಗರು ಕೇಳುವುದುಂಟು. ಇದೆ. ಕಾರು ಅಡ್ಡಡ್ಡ ಜಾರದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆ ಮೊದಲು ಬಂದದ್ದೇ 1995ರಲ್ಲಿ, ಮರ್ಸಿಡಿಸ್‌ನ ಎಸ್ 600 ಎಂಬ ಕೂಪೆಯಲ್ಲಿ. ಅದು ಎಷ್ಟೋ ಜೀವ ಉಳಿಸಿದೆ. ಆದರೆ ಸುಮಾರು ಎರಡು ಟನ್ ತೂಕದ ಈ ಕಾರನ್ನು ಕೊನೆಗೆ ನೆಲಕ್ಕೆ ಹಿಡಿದಿಡುವುದು ನಾಲ್ಕು ಟೈರುಗಳ ಅಡಿ, ಒಂದೊಂದೂ ಅಂಗೈಗಿಂತ ಸ್ವಲ್ಪವೇ ದೊಡ್ಡದಾದ ಜಾಗ. ಅಲ್ಲಿ ಮರಳಿದ್ದರೆ, ಮಳೆನೀರಿದ್ದರೆ ಯಾವ ಕಂಪ್ಯೂಟರೂ ಇಲ್ಲದ ಘರ್ಷಣೆಯನ್ನು ತಂದುಕೊಡಲಾರದು.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರೊಂದು ಮೋಟಾರ್ ಸೈಕಲ್ಲಿಗೆ ಗುದ್ದಿ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದವನು ಹದಿನೇಳರ ಹುಡುಗ ಎಂಬುದು ಪೊಲೀಸರ ಆರೋಪ. ಆ ಕಾರು ಬೆಂಗಳೂರಿನ ವ್ಯಾಪಾರಿಯೊಬ್ಬರ ಮೂಲಕ ಬಂದು, ತಾತ್ಕಾಲಿಕ ನೋಂದಣಿಯಲ್ಲೇ ಓಡುತ್ತಿತ್ತು. ಬಾಲನ್ಯಾಯ ಮಂಡಳಿ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟು, ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯುವಂತೆ ಹೇಳಿದ್ದು ದೇಶವಿಡೀ ಸಿಟ್ಟಿಗೆ ಕಾರಣವಾಯಿತು. ಎರಡೇ ದಿನದಲ್ಲಿ ಹುಡುಗನ ತಂದೆಯ ಬಂಧನವಾಯಿತು. ಆ ಇಬ್ಬರು ಎಂಜಿನಿಯರುಗಳ ತಂದೆ ತಾಯಿಗೂ ಅವರು ಓದಿಸಿ ದಡ ಮುಟ್ಟಿಸಿದ ಮಕ್ಕಳೇ ಆಗಿದ್ದರು.

ತಂದೆಯನ್ನೇಕೆ ಹಿಡಿಯಬೇಕು ಎಂದು ಈಗಲೂ ಕೇಳುವವರಿದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಂ ಸೇರಿತು. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸಜೆ, 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ತನಗೆ ತಿಳಿಯದೆ ನಡೆಯಿತು, ಇಲ್ಲವೇ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ತಂದೆಯೇ ಸಾಬೀತು ಮಾಡಬೇಕು. ಬೀಗದ ಕೈಯನ್ನು ಟೀವಿ ಮೇಲೆ ಇಟ್ಟು ಮಲಗಿದವರು ಏನೆಂದು ಸಾಬೀತು ಮಾಡಿಯಾರು? ವಿಮೆಯೂ ಪೂರ್ತಿ ಕಾಪಾಡುವುದಿಲ್ಲ. ಪರವಾನಗಿ ಇಲ್ಲದವರಿಗೆ ಗೊತ್ತಿದ್ದೂ ವಾಹನ ಕೊಟ್ಟರೆ, ಗಾಯಾಳುಗಳಿಗೆ ಕೊಟ್ಟ ಪರಿಹಾರವನ್ನು ಕಂಪನಿ ಮಾಲೀಕರಿಂದಲೇ ವಸೂಲು ಮಾಡಬಹುದು. ಲೇಔಟಿನ ಒಳಗಡೆ ಒಂದು ರೌಂಡ್ ಎಂಬುದಕ್ಕೆ ಕಾನೂನಿನಲ್ಲಿ ವಿನಾಯಿತಿ ಇಲ್ಲ. ಲೇಔಟ್ ರಸ್ತೆಯೂ ರಸ್ತೆಯೇ. ಮಕ್ಕಳು ಕ್ರಿಕೆಟ್ ಆಡುವುದೂ ಅಲ್ಲಿಯೇ.

ಬಾಣಸವಾಡಿಯ ಅಪ್ಪ ಇಷ್ಟನ್ನೆಲ್ಲ ಹೇಳಲಿಲ್ಲ. “ಆಗಲ್ಲ ಕಣೋ” ಎಂದರು. ಹುಡುಗ ಎರಡು ದಿನ ಮಾತು ಬಿಟ್ಟ. ಬರಿಯ ‘ಆಗಲ್ಲ’ ಎಂಬುದು ಹದಿನೇಳರ ವಯಸ್ಸಿಗೆ ಸಾಲುವ ಉತ್ತರವಲ್ಲ ಎಂದು ಅವರಿಗೂ ಹೊಳೆದಿರಬೇಕು. ಹದಿನೆಂಟು ತುಂಬಿದ ದಿನವೇ ಕಲಿಕಾ ಪರವಾನಗಿಗೆ ಅರ್ಜಿ, ತಿಂಗಳಾದ ಮೇಲೆ ಪರೀಕ್ಷೆ, ಅಲ್ಲಿಯತನಕ ಡ್ರೈವಿಂಗ್ ಸ್ಕೂಲಿನ ಕ್ಲಚ್ಚಿರುವ ಕಾರಿನಲ್ಲೇ ಪಾಠ ಎಂದು ಒಪ್ಪಂದವಾಯಿತು. ಕೂಪೆಯ ಸ್ಟಿಯರಿಂಗ್ ಯಾವಾಗ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹುಡುಗನಿಗೆ ಕಾರಿನ ಹುಚ್ಚಿರುವುದು ಕೆಟ್ಟದ್ದೇನಲ್ಲ. 1998ರಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಫೈಬರ್ ಮೈಯ, ರೆನೊ ಎಂಜಿನ್ನಿನ ‘ಸ್ಟಾರ್ಮ್’ ಎಂಬ ಎರಡು ಆಸನದ ಕಾರನ್ನು ಹೊರತಂದಿತ್ತು. 60 ಅಶ್ವಶಕ್ತಿಯ ಆ ಪುಟ್ಟ ಕಾರು ಹೆಚ್ಚು ಮಾರಾಟವಾಗಲಿಲ್ಲ, ಆದರೂ ಅದನ್ನು ಕಟ್ಟಿದವರು ಇಂಥ ಹುಚ್ಚಿನವರೇ. ಇನ್ನೊಂದು ಸಂಗತಿ: ಮರ್ಸಿಡಿಸ್ ಕಂಪನಿ 1996ರಿಂದ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿದೆ, ಜರ್ಮನಿಯ ಹೊರಗೆ ಅದರ ಅತಿ ದೊಡ್ಡ ಕೇಂದ್ರ ಇದೇ. ಬಾಣಸವಾಡಿಯಿಂದ ವೈಟ್‌ಫೀಲ್ಡ್ ಕಡೆಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹುಡುಗಿ ಇಂಥ ಕಾರುಗಳ ಮಿದುಳಿಗೆ ಪ್ರೋಗ್ರಾಂ ಬರೆಯುವವಳೇ ಇರಬಹುದು.

ಇನ್ನು ವೇಗವೇ ಬೇಕೆಂದರೆ ಅದಕ್ಕೂ ಜಾಗವಿದೆ. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿನ ಟ್ರ್ಯಾಕಿದೆ, ಕೊಯಮತ್ತೂರಿನಲ್ಲಿದೆ. ಹೆಣ್ಣೂರು–ಬಾಗಲೂರು ರಸ್ತೆಯಲ್ಲಿ ಗೋ-ಕಾರ್ಟ್ ಓಡಿಸಬಹುದು. ಮುಂದಿನ ಭಾನುವಾರ ಅಪ್ಪ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹೆಲ್ಮೆಟ್ಟು ಹಾಕಿ ನೆಲಕ್ಕೆ ತಾಗುವಂತೆ ಕೂತ ಹುಡುಗ ಮೂರನೆಯ ತಿರುವಿನಲ್ಲಿ ಹೋಗಿ ಟೈರುಗಳ ಗೋಡೆಗೆ ಗುದ್ದಿದ. ಏಟೇನೂ ಆಗಲಿಲ್ಲ. ಮುಂದಿನ ಸುತ್ತಿನಲ್ಲಿ ಆ ತಿರುವು ಬರುವ ಮೊದಲೇ ಬ್ರೇಕು ಅದುಮಿದ. ಕೂಪೆ ಅವತ್ತು ಮನೆಯಲ್ಲೇ ಇತ್ತು. ಅಜ್ಜಿಯೂ ನೋಡಲು ಬರುತ್ತೇನೆ ಎಂದಿದ್ದರಿಂದ ನಾಲ್ಕು ಬಾಗಿಲಿನ ಹಳೆಯ ಕಾರನ್ನೇ ತಂದಿದ್ದರು.